ಹಿಮ್ಮೇಳ ಬಂದಿತು, ಮುಮ್ಮೇಳ ಬರಲಿಲ್ಲ: ಚಿಕ್ಕೋಡಿ ಸೀಮೆಯ ಕಥಾಗಾಯನ ಮತ್ತು ನಮ್ಮ ಸಭೆಯ ಹಾಡು

ಚಿಕ್ಕೋಡಿ ತಾಲೂಕಿನ ಕರೋಶಿಯಲ್ಲಿ ಶ್ರಮೆಯ ವಾರದ ಒಂದು ಸಂಜೆ ಮನೆಯೊಂದರಲ್ಲಿ ಪ್ರಾರ್ಥನಾಕೂಟ ನಡೆಸಿದೆವು. ನಾಲ್ಕು ಹಾಡುಗಳನ್ನು ಹಾಡಿ, ಒಂದು ವಾಕ್ಯಭಾಗವನ್ನು ಓದಿ, ಚಿಕ್ಕದೊಂದು ಪ್ರಸಂಗ ಮಾಡಿ, ಆಶೀರ್ವಾದದೊಂದಿಗೆ ಮುಗಿಸಿದೆವು. ಹೊಸ್ತಿಲ ಬಳಿ ಕುಳಿತು ಕೇಳುತ್ತಿದ್ದ ನೆರೆಮನೆಯ ವೃದ್ಧೆಯೊಬ್ಬರು ಸಭೆಗೆ ಸೇರಿದವರಲ್ಲ, ಕುತೂಹಲದಿಂದ ಬಂದವರು. ಎದ್ದು ಹೋಗುವ ಮುನ್ನ ಅವರು ಹಾಡುಗಳು ಬಹಳ ಚೆನ್ನಾಗಿದ್ದವೆಂದು ಹೇಳಿ, ಕಥೆ ಹಾಡುವುದು ಯಾವಾಗ ಎಂದು ಕೇಳಿದರು. ನಾವು ಮುಗಿಸಿಯಾಗಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಅವರ ಲೆಕ್ಕದಲ್ಲಿ ನಾವು ಹಾಡಿದ್ದು ನಾಂದಿ ಮಾತ್ರ. ಗಣಸ್ತುತಿ ಮುಗಿದು ಇನ್ನು ಪಾತ್ರಗಳು ಬರಬೇಕಾಗಿತ್ತು.

ಆ ಪ್ರಶ್ನೆಯನ್ನು ನಾವು ಆಗ ನಕ್ಕು ಬಿಟ್ಟೆವು. ಅನಂತರ ಅದು ನಮ್ಮನ್ನು ಬಿಡಲಿಲ್ಲ. ಕನ್ನಡ ಸಭೆಯ ಹಾಡಿನ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಓದಲು ಇಲ್ಲಿ ಪ್ರಯತ್ನಿಸಿದ್ದೇವೆ.

ಮೊದಲು ಆ ವೃದ್ಧೆ ಯಾವ ಹಾಡುಗಳ ನಡುವೆ ಬೆಳೆದವರು ಎಂಬುದನ್ನು ನೋಡಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೆಲ. 1956ರ ನವೆಂಬರ್ 1ರವರೆಗೆ ಇದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂದಿಗೂ ಒಂದೇ ಓಣಿಯಲ್ಲಿ ಕನ್ನಡ ಮರಾಠಿಗಳೆರಡೂ ಕೇಳಿಸುತ್ತವೆ. ಇಲ್ಲಿ ವರ್ಷವೆಂಬುದು ಕಥೆಗಳ ಸರದಿ. ಭಾರತ ಹುಣ್ಣಿಮೆಯ ಸುಮಾರಿಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಡೊಳ್ಳಿನ ಪದಕಾರರು ಹಾಲುಮತದ ದೈವಗಳ ಕಥೆಯನ್ನು ಹಾಡುತ್ತಾರೆ. ಸವದತ್ತಿಯ ದಾರಿ ಹಿಡಿದವರ ಬಾಯಲ್ಲಿ ಎಲ್ಲಮ್ಮನ ಪದ. ಆಷಾಢದಲ್ಲಿ ಪಂಢರಪುರಕ್ಕೆ ಹೊರಟ ವಾರಕರಿಗಳ ದಿಂಡಿ. ಮೊಹರಮ್ಮಿನಲ್ಲಿ ಕರ್ಬಲಾದ ಪದಗಳು. ಸುಗ್ಗಿ ಮುಗಿದ ಮೇಲೆ ಬಯಲಾಟ, ಸಣ್ಣಾಟ, ಪಾರಿಜಾತ. ಇವುಗಳಲ್ಲಿ ಯಾವುದನ್ನೂ ಕೇಳುವವನು ಪುಸ್ತಕ ಹಿಡಿದು ಕೂಡುವುದಿಲ್ಲ. ದೇವರು ಯಾರು ಎಂಬುದು ಅವನಿಗೆ ತಿಳಿಯುವುದು ಆ ದೇವರು ಏನು ಮಾಡಿದನು, ಮುಂದೆ ಏನಾಯಿತು ಎಂಬುದರಿಂದ.

ಈ ಹಾಡುಗಳು ಅನಾದಿಯಿಂದ ಹೀಗೆಯೇ ಇವೆ ಎಂದು ಭಾವಿಸುವುದು ನಮ್ಮಂಥ ಓದಿದವರ ತಪ್ಪು. ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳೋಣ. ಪುರಾಣದಲ್ಲಿ ಪಾರಿಜಾತದ ಕಥೆಯೆಂದರೆ ಕೃಷ್ಣನು ಇಂದ್ರನೊಡನೆ ಕಾದಾಡಿ ದೇವಲೋಕದ ವೃಕ್ಷವನ್ನು ಭೂಮಿಗೆ ತಂದ ಸಾಹಸ. ಹದಿನೆಂಟನೆಯ ಶತಮಾನದಲ್ಲಿ ರಾಯಚೂರು ಕಡೆಯ ಅಪರಾಳ ತಮ್ಮಣ್ಣನು ಅದನ್ನು ಕನ್ನಡ ಹಾಡುಗಳಲ್ಲಿ ಕಟ್ಟಿದನು. ಮುಂದಿನ ಶತಮಾನದಲ್ಲಿ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನು ಅದನ್ನು ಆಟಕ್ಕೆ ಒಗ್ಗಿಸಿದನು. ಈ ಪಯಣದಲ್ಲಿ ಯುದ್ಧ ಹಿಂದೆ ಸರಿಯಿತು. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೆ ಸೇರಿತೆಂದು ಕೇಳಿದ ಸತ್ಯಭಾಮೆಯ ಸಿಟ್ಟೇ ಕಥೆಯ ತಿರುಳಾಯಿತು. ದೇವತೆಗಳ ಸಮರ ಮನೆಯ ಜಗಳವಾಯಿತು. ಭಾಗವತನು ಹಿಂದೆ ನಿಂತು ಹಾಡುವವನಷ್ಟೇ ಆಗಿ ಉಳಿಯಲಿಲ್ಲ. ಗೆಳೆಯನಾಗಿ, ದೂತಿಯಾಗಿ ಕಥೆಯೊಳಗೆ ಇಳಿದು ಸತ್ಯಭಾಮೆಯನ್ನು ಕೆಣಕುತ್ತಾನೆ, ಸಮಾಧಾನ ಹೇಳುತ್ತಾನೆ, ನಡುವೆ ಊರಿನ ಸುದ್ದಿಯನ್ನೂ ಎಳೆದು ತರುತ್ತಾನೆ.

1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಮರಾಠಿ ಸಂಗೀತ ನಾಟಕವನ್ನು ರಂಗಕ್ಕೆ ತಂದರು. ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಬಳಿಕ ನಾಟಕ ಕಂಪನಿಗಳ ಮಟ್ಟುಗಳೂ ಪೇಟಿಯೂ ತಬಲವೂ ಹಳ್ಳಿಯ ಆಟಕ್ಕೆ ನುಗ್ಗಿದವು. ಪೇಟಿ ಬಂದ ಮೇಲೆ ಹಾಡುವವನ ದನಿ ಅದರ ಮನೆಗಳಿಗೆ ಹೊಂದಿಕೊಳ್ಳಬೇಕಾಯಿತು. ಹೆಣ್ಣಿನ ಪಾತ್ರವನ್ನು ಗಂಡಸರು ಮಾಡುತ್ತಿದ್ದ ಕಾಲ ಹೋಗಿ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಪಾರಿಜಾತಕ್ಕೆ ಹೆಸರು ತಂದರು. ಹೆಣ್ಣೇ ಎದ್ದು ನಿಂತು ಗಂಡನ ಪಕ್ಷಪಾತವನ್ನು ಪ್ರಶ್ನಿಸಿದಾಗ ಸತ್ಯಭಾಮೆಯ ಮಾತಿಗೆ ಹಿಂದೆಂದೂ ಇಲ್ಲದ ಮೊನೆ ಬಂದಿರಲೇಬೇಕು. ಪದ ಅದೇ ಇದ್ದರೂ ಹಾಡುವವರು ಬದಲಾದರೆ ಕಥೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ನಮಗೆ ತಿಳಿದಿಲ್ಲ.

ಗೀಗೀ ಪದದ ದಾರಿ ಇನ್ನೊಂದು ಬಗೆಯದು. ಲಾವಣಿಯ ಕಲ್ಗಿ ಮತ್ತು ತುರಾಯಿ ಪಂಥಗಳಿಂದ ಹರದೇಶಿ ನಾಗೇಶಿ ಎಂಬ ವಾದದ ಮೇಳಗಳು ಬಂದವು. ಒಂದು ಪಕ್ಷ ಶಿವನನ್ನು ಹಿಡಿದು ಹಾಡಿದರೆ ಇನ್ನೊಂದು ಶಕ್ತಿಯನ್ನು ಹಿಡಿದು ಹಾಡುತ್ತದೆ, ಬೆಳಗಿನವರೆಗೆ ಸವಾಲು ಜವಾಬು ನಡೆಯುತ್ತದೆ. ಮುಂದಿನವನು ದಪ್ಪು ಹಿಡಿದು ಕಥೆಯ ಒಂದು ನುಡಿ ಹೇಳುತ್ತಾನೆ. ಹಿಂದಿನವರು ತುಂತುನಿ, ತಾಳಗಳೊಂದಿಗೆ ಗೀಯೆಂದು ಪಲ್ಲವಿ ಎತ್ತುತ್ತಾರೆ. ಪಲ್ಲವಿಯಲ್ಲಿ ಕಥೆ ಇಲ್ಲ. ಅದು ಕೇಳುವವನಿಗೆ ಉಸಿರಾಡಲು, ಕೇಳಿದ್ದನ್ನು ಒಳಗೆ ಇಳಿಸಿಕೊಳ್ಳಲು ಕೊಟ್ಟ ಬಿಡುವು. ಆದರೆ ಆ ಬಿಡುವಿಲ್ಲದೆ ಕಥೆ ಮುಂದೆ ಸಾಗುವುದೂ ಇಲ್ಲ. ಮುಮ್ಮೇಳ ಹಿಮ್ಮೇಳಗಳ ಈ ಸಂಬಂಧವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಇಲ್ಲಿ ಕಥೆ ಹೇಳುವ ಮುಂದಿನ ದನಿಯನ್ನು ಮುಮ್ಮೇಳವೆಂದೂ ಮರುನುಡಿಯುವ ದನಿಯನ್ನು ಹಿಮ್ಮೇಳವೆಂದೂ ಕರೆಯುತ್ತೇವೆ.

ಈ ಪದಗಳು ಪುರಾಣಕ್ಕೆ ಅಂಟಿಕೊಂಡು ಕೂಡಲಿಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದರು. ಇವೆರಡೂ ಲಾವಣಿಗಳಾದವು. ಬೈಲಹೊಂಗಲದ ಒಂದು ಕೊಲೆಯ ಕಥೆ ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟವಾಯಿತು. ಆದಾಯ ತೆರಿಗೆಯ ಮೇಲೂ ಹಾಡು ಹುಟ್ಟಿತು. ಶಾಸನತಜ್ಞ ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಇಂಥ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅನುವಾದಸಹಿತ ಪ್ರಕಟಿಸತೊಡಗಿದನು. ತನ್ನದೇ ಸರಕಾರ ಗಲ್ಲಿಗೇರಿಸಿದವನ ಕಥೆಯನ್ನು ಜನ ಹೇಗೆ ಹಾಡುತ್ತಾರೆಂದು ಆ ಅಧಿಕಾರಿ ಕಿವಿಗೊಟ್ಟು ಕೇಳಿದನಲ್ಲ ಎಂಬುದು ನಮಗೆ ಇಂದಿಗೂ ಸೋಜಿಗ. ಸ್ವಾತಂತ್ರ್ಯ ಚಳುವಳಿಯ ದಿನಗಳಲ್ಲಿ ಅದೇ ಮಟ್ಟುಗಳಲ್ಲಿ ಗಾಂಧೀಜಿ ಬಂದರು. ಸ್ವಾತಂತ್ರ್ಯದ ನಂತರ ಸರಕಾರದ ಕುಟುಂಬ ಯೋಜನೆ ಬಂದಿತು. ಕೊನೆಯದರಲ್ಲಿ ಕಥೆ ಸೊರಗಿ ಉಪದೇಶ ಉಳಿಯಿತೆಂಬುದನ್ನೂ ಹೇಳಬೇಕು. ಹಾಡಿನ ಮೂಲಕ ಏನನ್ನಾದರೂ ಪ್ರಚಾರ ಮಾಡಬಹುದೆಂದು ನಂಬುವ ನಮ್ಮವರು ಆ ಪದಗಳು ಎಷ್ಟು ದಿನ ಜನರ ನಾಲಿಗೆಯಲ್ಲಿ ನಿಂತವು ಎಂದು ವಿಚಾರಿಸಿ ನೋಡಬೇಕು.

ಹಾಗಾದರೆ ಹಾಡಿದಂತೆಲ್ಲ ಬದಲಾಗುವ ಕಥೆಗೆ ಸತ್ಯದ ಭಾರ ಹೊರುವ ಶಕ್ತಿ ಉಂಟೇ? ದೇವಶಾಸ್ತ್ರದ ವಿದ್ಯಾರ್ಥಿಗೆ ಈ ಸಂಶಯ ಸಹಜ. ಅದಕ್ಕೆ ಉತ್ತರ ಸತ್ಯವೇದದೊಳಗೇ ಇದೆ.

ನ್ಯಾಯಸ್ಥಾಪಕರ ಪುಸ್ತಕದ 4ನೆಯ ಅಧ್ಯಾಯವೂ 5ನೆಯ ಅಧ್ಯಾಯವೂ ಒಂದೇ ಘಟನೆಯನ್ನು ಹೇಳುತ್ತವೆ. ಮೊದಲನೆಯದು ಗದ್ಯ, ಎರಡನೆಯದು ದೆಬೋರಳ ಹಾಡು. ಗದ್ಯದಲ್ಲಿ ಸೀಸೆರನು ದಣಿದು ಗಾಢನಿದ್ರೆಯಲ್ಲಿರುವಾಗ ಯಾಯೇಲಳು ಗೂಟ ಬಡಿಯುತ್ತಾಳೆ. ಹಾಡಿನಲ್ಲಿ ಅವನು ಅವಳ ಕಾಲ ಬಳಿ ಕುಸಿದು ಬೀಳುತ್ತಾನೆ, ನಿದ್ರೆಯ ಮಾತಿಲ್ಲ. ಅದಕ್ಕಿಂತ ಮುಖ್ಯವಾಗಿ, ಗದ್ಯದಲ್ಲಿ ಎಲ್ಲಿಯೂ ಕಾಣದ ಒಬ್ಬ ಹೆಂಗಸು ಹಾಡಿನ ಕೊನೆಯಲ್ಲಿ ಬರುತ್ತಾಳೆ: ಕಿಟಕಿಯ ಬಳಿ ನಿಂತು ಮಗನ ರಥಕ್ಕಾಗಿ ಕಾಯುವ ಸೀಸೆರನ ತಾಯಿ. ಶತ್ರುವಿನ ತಾಯಿಯನ್ನು ಚರಿತ್ರಕಾರನು ಕಾಣಲಿಲ್ಲ, ಹಾಡುಗಾರ್ತಿ ಕಂಡಳು. ಅವಳು ಕಂಡದ್ದು ಅಣಕಕ್ಕೋ ಕನಿಕರಕ್ಕೋ ಎಂದು ವ್ಯಾಖ್ಯಾನಕಾರರು ಇಂದಿಗೂ ಚರ್ಚಿಸುತ್ತಾರೆ. ಹಾಡು ಎರಡಕ್ಕೂ ಎಡೆಗೊಟ್ಟಿದೆ ಎಂಬುದು ನಮ್ಮ ಎಣಿಕೆ.

ಐಗುಪ್ತದ ಬಾಧೆಗಳ ಕಥೆಯೂ ಹಾಗೆಯೇ. ವಿಮೋಚನಕಾಂಡದಲ್ಲಿ ಅವು ಹತ್ತು, ಕತ್ತಲೆ ಒಂಬತ್ತನೆಯದು. 105ನೆಯ ಕೀರ್ತನೆಯಲ್ಲಿ ಕತ್ತಲೆಯೇ ಮೊದಲು ಬರುತ್ತದೆ, ಪಶುಗಳ ವ್ಯಾಧಿಯೂ ಹುಣ್ಣುಗಳೂ ಇಲ್ಲ. 78ನೆಯ ಕೀರ್ತನೆಯಲ್ಲಿ ಕತ್ತಲೆಯೇ ಇಲ್ಲ. ಒಂದು ಕೀರ್ತನೆ ಸ್ತುತಿಗಾಗಿ ಹಾಡುತ್ತದೆ, ಇನ್ನೊಂದು ಪಿತೃಗಳ ಮೊಂಡುತನವನ್ನು ಮಕ್ಕಳಿಗೆ ಎಚ್ಚರಿಸಲು ಹಾಡುತ್ತದೆ, 106ನೆಯದು ಪಾಪನಿವೇದನೆಗಾಗಿ ಹಾಡುತ್ತದೆ. ಹಾಡುವ ಸಂದರ್ಭ ಕಥೆಯ ಕ್ರಮವನ್ನು ನಿರ್ಧರಿಸಿತು. ಇಸ್ರಾಯೇಲ್ಯರ ಆರಾಧನೆ ಇದನ್ನು ದೋಷವೆಂದು ಎಣಿಸಲಿಲ್ಲ. ಮೂರನ್ನೂ ಒಂದೇ ಪುಸ್ತಕದಲ್ಲಿ ಉಳಿಸಿಕೊಂಡಿತು. 136ನೆಯ ಕೀರ್ತನೆಯಂತೂ ಗೀಗೀ ಮೇಳದವನಿಗೆ ವಿವರಿಸಬೇಕಾಗಿಯೇ ಇಲ್ಲ: 26 ವಚನಗಳಲ್ಲಿ ಪ್ರತಿಯೊಂದರ ಮೊದಲರ್ಧ ಮುಂದಿನವನದು, ಉಳಿದರ್ಧ ಹಿಂದಿನವರದು. ಸಮುದ್ರ ದಾಟಿದ ಮೇಲೆ ಮಿರ್ಯಾಮಳು ಕೈಯಲ್ಲಿ ಹಿಡಿದದ್ದು ದಮ್ಮಡಿಯನ್ನು.

ಇಷ್ಟು ಹೇಳಿದ ಮೇಲೆ ನಮ್ಮ ಸಭೆಯ ಕಡೆಗೆ ತಿರುಗಬಹುದು. ಸುವಾರ್ತೆ ಈ ಸೀಮೆಗೆ ಸಂಗೀತವಿಲ್ಲದೆ ಬರಲಿಲ್ಲ. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಯಲ್ಲಿ ನೆಲೆಯೂರಿತು. ಬಾಸೆಲ್ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡವನ್ನು ತಲುಪಿದರು. ಅವರು ಲೂಥರನ ನಾಡಿನ ಹಾಡಿನಲ್ಲಿ ನೆಂದವರು. ಆ ಹಾಡಿನ ಹುಟ್ಟನ್ನು ಸ್ವಲ್ಪ ನೋಡಬೇಕು. 1535ರಲ್ಲಿ ಪ್ರಕಟವಾದ ಲೂಥರನ ಕ್ರಿಸ್ಮಸ್ ಹಾಡು, ದೇವದೂತನು ಮೇಲಿನಿಂದ ಇಳಿದು ಬಂದು ಸುದ್ದಿ ಹೇಳುವ ಹಾಡು, ಅಪ್ಪಟ ಕಥಾಗಾಯನ. ಅದರ ಮಟ್ಟು ಲೂಥರನು ಕಟ್ಟಿದ್ದಲ್ಲ; ದೂರದೂರಿನಿಂದ ಸುದ್ದಿ ತಂದ ಪ್ರಯಾಣಿಕನು ಒಗಟು ಒಡ್ಡುವ ಜನಪದ ಹಾಡೊಂದರ ಮಟ್ಟು. ನಾಲ್ಕು ವರ್ಷಗಳ ಬಳಿಕ, 1539ರಲ್ಲಿ, ಅದಕ್ಕೆ ಬೇರೆ ಮಟ್ಟು ಬಂದಿತು. ಇಂದು ಲೋಕವೆಲ್ಲ ಹಾಡುವುದು ಆ ಎರಡನೆಯದನ್ನು. ಬೀದಿಯ ಮಟ್ಟು ಸಭೆಯೊಳಗೆ ಕಥೆಯನ್ನು ಕರೆತಂದಿತು, ಕಥೆ ನೆಲೆಯಾದ ಮೇಲೆ ತಾನು ಹೊರಗೆ ಉಳಿಯಿತು.

ಇನ್ನೂರು ವರ್ಷಗಳ ತರುವಾಯ ಬಾಖನು ಯೋಹಾನನ ಸುವಾರ್ತೆಯ ಶ್ರಮೆಯ ಕಥೆಯನ್ನು 1724ರಲ್ಲಿಯೂ ಮತ್ತಾಯನದನ್ನು 1727ರಲ್ಲಿಯೂ ಹಾಡಿಸಿದಾಗ, ಅಲ್ಲಿ ಒಬ್ಬನು ಸುವಾರ್ತಿಕನ ದನಿಯಲ್ಲಿ ವಚನಗಳನ್ನು ಕಥೆಯಾಗಿ ಹಾಡುತ್ತ ಹೋಗುತ್ತಾನೆ. ಪೇತ್ರನು ಅಳುವಾಗ, ಕರ್ತನು ಪ್ರಾಣ ಬಿಡುವಾಗ ಕಥೆ ನಿಲ್ಲುತ್ತದೆ. ಎಲ್ಲರಿಗೂ ಗೊತ್ತಿರುವ ಒಂದು ಕೊರಾಲ್ ಏಳುತ್ತದೆ. ಕೊರಾಲ್ ಎಂದರೆ ಸಭೆಯ ಮರುನುಡಿ. ಬೈಲಹೊಂಗಲದ ಗೀಗೀಯವನು ಲೈಪ್ಸಿಗ್‌ನ ಆ ದೇವಾಲಯದಲ್ಲಿ ಕುಳಿತಿದ್ದರೆ ಭಾಷೆ ತಿಳಿಯದಿದ್ದರೂ ವ್ಯವಸ್ಥೆಯನ್ನು ಹಿಡಿಯುತ್ತಿದ್ದನು: ಇವನು ಮುಮ್ಮೇಳ, ಅವರು ಹಿಮ್ಮೇಳ.

ಧಾರವಾಡಕ್ಕೆ ಬಂದದ್ದು ಕೊರಾಲ್ ಮಾತ್ರ. ಜರ್ಮನ್ ಮಟ್ಟುಗಳಿಗೆ ಕನ್ನಡ ನುಡಿಗಳನ್ನು ಹೊಂದಿಸಿ ಹಾಡುಪುಸ್ತಕಗಳು ಸಿದ್ಧವಾದವು. ಮೋಗ್ಲಿಂಗರಂಥ ಪಂಡಿತರು ಅದಕ್ಕಾಗಿ ಬಹಳ ದುಡಿದರು. ಆ ಹಾಡುಗಳು ಭಕ್ತಿಯ ನುಡಿಗಳು, ಉಪಕಾರಸ್ಮರಣೆ, ಪಶ್ಚಾತ್ತಾಪ, ನಿರೀಕ್ಷೆ. ಅವು ನಮ್ಮ ತಾತಂದಿರನ್ನು ಬರಗಾಲದಲ್ಲಿಯೂ ಪ್ಲೇಗಿನಲ್ಲಿಯೂ ನಿಲ್ಲಿಸಿದವು. ಅವುಗಳನ್ನು ಹಗುರವಾಗಿ ನುಡಿಯುವ ಉದ್ದೇಶ ನಮಗಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಕಥೆಯೊಂದನ್ನು ಕೇಳಿ ಮುಗಿಸಿದವರು ಹಾಡುವ ಮರುನುಡಿಗಳು. ಕಥೆಯನ್ನು ಹಾಡುತ್ತಿದ್ದ ಮುಂದಿನ ದನಿ ಹಡಗು ಹತ್ತಲಿಲ್ಲ. ಅದರ ಸ್ಥಾನದಲ್ಲಿ ಗದ್ಯದ ಪಾಠವೂ ಪ್ರಸಂಗವೂ ನಿಂತವು. ಮುಂದೆ ಕರ್ನಾಟಕದ ರಾಗಗಳಲ್ಲಿ ಭಜನೆಗಳು ಸೇರಿಕೊಂಡಾಗಲೂ ಇದೇ ಕ್ರಮ ಉಳಿಯಿತು. ಕ್ರಿಸ್ಮಸ್ಸಿನ ಕೆಲವು ಹಾಡುಗಳನ್ನು ಬಿಟ್ಟರೆ ನಮ್ಮ ಭಜನೆಗಳೂ ಹೆಚ್ಚಾಗಿ ಪಲ್ಲವಿಗಳೇ. ಕರೋಶಿಯ ಆ ವೃದ್ಧೆ ನಮ್ಮ ಆರಾಧನೆಯನ್ನು ನಾಂದಿಯೆಂದು ಭಾವಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮಿಷನರಿಗಳಿಗೆ ಈ ನೆಲದ ಕಥಾಗಾಯನ ತಿಳಿದಿರಲಿಲ್ಲವೆಂದೂ ಹೇಳುವಂತಿಲ್ಲ. ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ, ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಮೋಗ್ಲಿಂಗರೇ. ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟ್ಟೆಲರು 1862ರಲ್ಲಿ ಕಥಾಮಾಲೆಯನ್ನು ಪ್ರಕಟಿಸಿದರು. ಯೇಸುಸ್ವಾಮಿಯ ಚರಿತ್ರೆಯನ್ನು ಈ ದೇಶದ ಗೇಯಕಾವ್ಯದ ರೀತಿಯಲ್ಲಿ ಹೇಳುವ ಕೃತಿ ಅದು. 1875ರಲ್ಲಿ ಅವರು ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು, 1894ರಲ್ಲಿ ಮಹಾನಿಘಂಟು ಹೊರಬಂದಿತು. ಇಂದು ಕಿಟ್ಟೆಲ್ ಎಂದೊಡನೆ ನಿಘಂಟು ನೆನಪಾಗುತ್ತದೆ. ಕಥಾಮಾಲೆಯ ಹೆಸರನ್ನು ನಮ್ಮ ಸೆಮಿನರಿಗಳಲ್ಲಿಯೇ ಎಷ್ಟು ಮಂದಿ ಕೇಳಿದ್ದಾರೆ? ಪದಗಳ ಅರ್ಥ ಹೇಳುವ ಗ್ರಂಥ ಉಳಿಯಿತು, ಪದಗಳಲ್ಲಿ ಕಥೆ ಹೇಳಿದ ಗ್ರಂಥ ಮೂಲೆ ಸೇರಿತು. ಕಾರಣ ಕಾವ್ಯದ ಗುಣದಲ್ಲಿ ಮಾತ್ರ ಇರಲಾರದು. ಹಾಡುಗಬ್ಬಕ್ಕೆ ಓದುಗನು ಸಾಲದು, ಅದನ್ನು ಹೊತ್ತು ತಿರುಗುವ ಮೇಳ ಬೇಕು; ಆರಾಧನೆಯ ಕ್ರಮದಲ್ಲಿ ಅಂಥ ಮೇಳಕ್ಕೆ ಒಂದು ಗಳಿಗೆಯಾದರೂ ಬೇಕು. ಅವೆರಡನ್ನೂ ನಾವು ಕೊಡಲಿಲ್ಲ.

ನೆರೆಯ ಭಾಷೆಗಳಲ್ಲಿ ಕೊಟ್ಟವರಿದ್ದರು. ಆಂಗ್ಲ ಯೇಸುಸಭೆಯವರಾದ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದವರು; ಅವರ ಕ್ರಿಸ್ತಪುರಾಣ 1616ರಲ್ಲಿ ರಾಚೋಲದಲ್ಲಿ ಅಚ್ಚಾಯಿತು. ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳು. ಆ ಕಾವ್ಯದ ಆರಂಭವನ್ನು ಓದಿದಾಗ ನಮಗೆ ಕರೋಶಿಯ ಹೊಸ್ತಿಲೇ ಕಣ್ಣಿಗೆ ಕಟ್ಟಿತು. ಹೊಸದಾಗಿ ದೀಕ್ಷಾಸ್ನಾನ ಹೊಂದಿದವರಿಗೆ ಪಾದ್ರಿಗಳು ಧರ್ಮೋಪದೇಶ ಮಾಡುತ್ತಿರುವಾಗ, ಕೇಳುವವರಲ್ಲಿ ಒಬ್ಬನು ಉಪದೇಶ ಒಳ್ಳೆಯದೇ, ಆದರೆ ನಾವು ಬಿಟ್ಟುಬಂದ ಪುರಾಣಗಳ ಎಡೆಯಲ್ಲಿ ಓದಿ ಹಾಡಲು ನಮಗೊಂದು ಪುರಾಣ ಬೇಕಲ್ಲ ಎಂಬ ಅರ್ಥದ ಮಾತನ್ನಾಡುತ್ತಾನೆ. ಸ್ಟೀಫನ್ಸರು ಆ ಕೋರಿಕೆಯನ್ನು ನಕ್ಕು ಬಿಡಲಿಲ್ಲ. 1907ರಲ್ಲಿ ಅದೇ ಕಾವ್ಯವನ್ನು ಮರಳಿ ಅಚ್ಚುಮಾಡಿಸಿದ್ದು ಮಂಗಳೂರಿನಲ್ಲಿ.

ಮರಾಠಿಯಲ್ಲಿಯೇ ನಾರಾಯಣ ವಾಮನ ತಿಲಕರು 1895ರಲ್ಲಿ ದೀಕ್ಷಾಸ್ನಾನ ಹೊಂದಿ, ಅಭಂಗ ಕೀರ್ತನೆಗಳ ದಾರಿಯಲ್ಲಿ ಕ್ರಿಸ್ತನನ್ನು ಹಾಡಿದರು. ಅವರ ಕ್ರಿಸ್ತಾಯನ 1919ರಲ್ಲಿ ಅವರು ತೀರಿಕೊಂಡಾಗ ಅಪೂರ್ಣವಾಗಿತ್ತು. ಪತ್ನಿ ಲಕ್ಷ್ಮೀಬಾಯಿಯವರು ಅದನ್ನು ಮುಗಿಸಿದರು. ಶಾಲೆಗೆ ಹೋಗಿ ಕಲಿಯದ ಹೆಂಗಸು ಗಂಡ ಬಿಟ್ಟ ಕಾವ್ಯವನ್ನು ಮುಂದುವರಿಸಿದ್ದು ನಮ್ಮ ನಾಡಿನ ಸಭಾಚರಿತ್ರೆಯ ಸಣ್ಣ ಸಂಗತಿಯಲ್ಲ. ನಿಪ್ಪಾಣಿಯ ಕಡೆಯ ಮರಾಠಿ ಭಾಷಿಕರಿಗೆ ತಿಲಕರ ಹೆಸರು ಹತ್ತಿರದ್ದು. ಕನ್ನಡ ಸಭೆ ನೆರೆಯಲ್ಲಿಯೇ ಇದ್ದರೂ ಆ ಪಾಠವನ್ನು ಕಲಿಯಲಿಲ್ಲ. ಕರಾವಳಿಯಲ್ಲಿ ಯೇಸುವಿನ ಕಥೆ ಯಕ್ಷಗಾನವಾಗಿ ಬಂದದ್ದುಂಟು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ಶಾಸನದ 119ನೆಯ ಕಂಡಿಕೆ ಆಯಾ ಜನಾಂಗದ ಸ್ವಂತ ಸಂಗೀತಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದು ಹೇಳಿತು. ಅನುಮತಿಯ ಕೊರತೆ ಈಗ ಯಾರಿಗೂ ಇಲ್ಲ.

ಆದರೂ ನಾಳೆಯೇ ದಪ್ಪು ತುಂತುನಿಗಳನ್ನು ವೇದಿಕೆಯ ಮುಂದೆ ತಂದಿಡೋಣ ಎನ್ನುವವರೊಂದಿಗೆ ನಾವು ಪೂರ್ಣವಾಗಿ ಒಪ್ಪಲಾರೆವು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳ ಚರಿತ್ರೆ ಇಲ್ಲಿ ಎಚ್ಚರಿಕೆ ಹೇಳುತ್ತದೆ. 1774ರಲ್ಲಿ ಹುಟ್ಟಿ 1864ರವರೆಗೆ ಬಾಳಿದ ಅವರು 1800ರಲ್ಲಿ ಬೆತ್ಲೆಹೇಮ್ ಕೊರವಂಜಿಯನ್ನು ರಚಿಸಿದರು. ದೇವಾಲಯಗಳ ಮುಂದೆ ಆಡುತ್ತಿದ್ದ ಕೊರವಂಜಿಯ ಆಟವನ್ನು ಎತ್ತಿಕೊಂಡು, ಸೀಯೋನಿನ ಕುಮಾರಿಗೆ ಅವಳ ನಲ್ಲನಾದ ಕ್ರಿಸ್ತನ ಸುದ್ದಿಯನ್ನು ಕಣಿ ಹೇಳುವವಳ ಬಾಯಿಂದ ಹೇಳಿಸಿದರು. ಊರಿನ ಕಟ್ಟಕಡೆಯ ಹೆಂಗಸು ಸುವಾರ್ತೆಯನ್ನು ಹೊತ್ತು ತರುತ್ತಾಳೆ! ಆದರೆ ಅದೇ ಕವಿಗಳು, 1820ರ ದಶಕದಲ್ಲಿ ಹೊಸ ಮಿಷನರಿಗಳು ಸಭೆಯೊಳಗಿನ ಜಾತಿಭೇದವನ್ನು ತೆಗೆಯಲು ಹೊರಟಾಗ ಭೇದವನ್ನು ಸಮರ್ಥಿಸಿ ಬರೆದರು. ಕಥೆಯಲ್ಲಿ ಕೊರವಂಜಿಗೆ ಕೊಟ್ಟ ಸ್ಥಾನವನ್ನು ದೇವಾಲಯದ ಚಾಪೆಯ ಮೇಲೆ ಆ ಕುಲದವರಿಗೆ ಕೊಡಲು ಮನಸ್ಸು ಬರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಚೌಡಿಕೆಯ ರೂಪದಲ್ಲಿ ಎದುರಾಗುತ್ತದೆ. ಒಂದೇ ತಂತಿಯನ್ನು ಮೀಟಿ ಜೋಗತಿಯರೂ ಜೋಗಪ್ಪಂದಿರೂ ರೇಣುಕೆಯ ಕಥೆ ಹಾಡುತ್ತಾರೆ: ಜಮದಗ್ನಿಯ ಶಾಪ, ಮಗ ಪರಶುರಾಮನು ತಾಯಿಯ ತಲೆ ಕಡಿದದ್ದು, ಅವಳು ಮರಳಿ ಜೀವ ಪಡೆದದ್ದು. ಕೊಲ್ಲಲ್ಪಟ್ಟು ಎದ್ದುಬಂದವಳ ಈ ಕಥೆಯ ಮಟ್ಟಿನಲ್ಲಿ ಪುನರುತ್ಥಾನವನ್ನು ಹಾಡಬಹುದಲ್ಲ ಎಂದು ಯಾವ ಸೆಮಿನರಿ ವಿದ್ಯಾರ್ಥಿಗಾದರೂ ಹೊಳೆದೀತು. ಆದರೆ ಆ ಹಾಡನ್ನು ಉಳಿಸಿಕೊಂಡು ಬಂದವರಲ್ಲಿ ಬಹುಮಂದಿ ಎಳವೆಯಲ್ಲಿಯೇ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು. ಮುಂಬಯಿ ಸರಕಾರ 1934ರಲ್ಲಿಯೂ ಕರ್ನಾಟಕ ಸರಕಾರ 1982ರಲ್ಲಿಯೂ ಆ ಪದ್ಧತಿಯನ್ನು ನಿಷೇಧಿಸಿ ಕಾನೂನು ಮಾಡಬೇಕಾಯಿತು. ಮಟ್ಟನ್ನು ಎತ್ತಿಕೊಂಡು, ಅದನ್ನು ಹಾಡಿದವಳನ್ನು ಹೊಸ್ತಿಲಾಚೆಯೇ ಕೂರಿಸಿದರೆ ನಾವು ಮಾಡಿದ್ದು ಸಾಂಸ್ಕೃತೀಕರಣವಲ್ಲ. ಅವಳು ಒಳಗೆ ಬಂದು ತಾನೇ ಮುಂದಿನ ದನಿಯಾಗಿ ಹಾಡುವುದಾದರೆ, ಕೌಜಲಗಿ ನಿಂಗಮ್ಮನವರ ಕಾಲದಲ್ಲಿ ಸತ್ಯಭಾಮೆ ಬದಲಾದಂತೆ ನಮ್ಮ ಕಥೆಯ ಮರಿಯಳೂ ಸಮಾರ್ಯದ ಹೆಂಗಸೂ ಬದಲಾಗಿ ಕೇಳಿಸುವರು. ಅದಕ್ಕೆ ನಾವು ಕಿವಿಗೊಡಲು ಸಿದ್ಧರಿರಬೇಕು. ಬದಲಾವಣೆ ಮೂಲಕ್ಕೆ ಎಸಗಿದ ದ್ರೋಹವೋ ಅಲ್ಲವೋ ಎಂದು ಅಳೆಯಲು ಸಭೆಯ ಬಳಿ ನಾಲ್ಕು ಸುವಾರ್ತೆಗಳಿವೆ. ಅವು ನಾಲ್ಕಾಗಿರುವುದೇ ಅಳತೆಗೋಲು ಒಂದೇ ಪಾಠದ ಯಥಾವತ್ ಪುನರುಕ್ತಿಯಲ್ಲವೆಂದು ತೋರಿಸುತ್ತದೆ.

ನಮಗೆ ಹೆಚ್ಚು ಹತ್ತಿರವಾಗಿ ತೋರುವುದು ಮೊಹರಮ್ಮಿನ ಪದಗಳು. 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಸುತ್ತುವರಿಯಲ್ಪಟ್ಟು ಕೊಲ್ಲಲ್ಪಟ್ಟ ಹುಸೇನರ ಕಥೆಯನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದಲ್ಲಿ ಹಾಡುತ್ತಾರೆ; ಹಾಡುವವರಲ್ಲಿ ಮುಸಲ್ಮಾನರಲ್ಲದವರೂ ಬಹಳ. ಹೆಜ್ಜೆಮೇಳದವರು ಕುಣಿಯುತ್ತ ಹಾಡುವ ಆ ಪದಗಳಲ್ಲಿ ಇರಾಕಿನ ಮರುಭೂಮಿ ನಮ್ಮ ಎರೆಹೊಲದ ಬೇಸಗೆಯಾಗಿದೆ, ಅರಸುಕುಲದ ಹೆಂಗಸರು ನಮ್ಮ ಓಣಿಯ ಹೆಂಗಸರಂತೆ ಮಡಿಲೊಡ್ಡಿ ಅಳುತ್ತಾರೆ. ಕಥೆ ಎಷ್ಟೋ ಬದಲಾಗಿದೆ, ಆದರೆ ನಿರಪರಾಧಿಯ ಸಾವು ಎಂಬುದು ಒಂದಿಷ್ಟೂ ಸಡಿಲಗೊಂಡಿಲ್ಲ. ಜಾತಿ ಮತ ಮರೆತು ಊರು ಅದಕ್ಕೆ ಅಳುತ್ತದೆ. ಕೆಲವು ವಾರಗಳ ಅಂತರದಲ್ಲಿ ಶುಭಶುಕ್ರವಾರ ಬಂದ ವರ್ಷಗಳಲ್ಲಿ ನಾವು ಎರಡನ್ನೂ ಕಂಡಿದ್ದೇವೆ. ನಮ್ಮಲ್ಲಿ ಶಿಲುಬೆಯ ಏಳು ವಾಕ್ಯಗಳ ಮೇಲೆ ಏಳು ಪ್ರಸಂಗಗಳು, ನಡುನಡುವೆ ಹಾಡುಗಳು, ಮೂರು ಗಂಟೆಗಳ ಮೌನ ಭಕ್ತಿ. ಪ್ರಸಂಗಗಳು ಒಳ್ಳೆಯವೇ ಆಗಿರುತ್ತವೆ. ಏಳನ್ನೂ ಕೇಳಿದವನಿಗೆ ಆ ದಿನದ ಅರ್ಥ ತಿಳಿದಿರುತ್ತದೆ. ಗೆತ್ಸೇಮನೆಯಿಂದ ಗೊಲ್ಗೊಥಾದವರೆಗೆ ನಡೆದ ನೆನಪು ಮಾತ್ರ ಕಾಲುಗಳಲ್ಲಿ ಇರುವುದಿಲ್ಲ.

ಕರೋಶಿಯ ಆ ಸಂಜೆಯ ಉಳಿದ ಭಾಗವನ್ನು ಹೇಳಿಲ್ಲ. ವೃದ್ಧೆ ಹೋಗದೆ ನಿಂತಿದ್ದರಿಂದ ನಾವು ಮತ್ತೆ ಕುಳಿತು, ಹಾಡಲು ಬಾರದೆ, ಕಥೆಯನ್ನು ಬಾಯಿಮಾತಿನಲ್ಲಿ ಹೇಳಿದೆವು. ಬಂಧನ, ವಿಚಾರಣೆ, ಪೇತ್ರನ ಸುಳ್ಳು, ಮುಳ್ಳಿನ ಕಿರೀಟ, ಬೆಟ್ಟ. ಅವರು ನಡುನಡುವೆ ಹೂಂಗುಟ್ಟುತ್ತಿದ್ದರು, ಮನೆಯವರೂ ಹೂಂಗುಟ್ಟತೊಡಗಿದರು. ಬೆಟ್ಟವನ್ನು ತಲುಪಿದಾಗ ಅವರು ತಡೆದು, ಹಡೆದವ್ವ ಎಲ್ಲಿದ್ದಳು, ಏನಂದಳು ಎಂದು ಕೇಳಿದರು. ಯೋಹಾನ 19ನೆಯ ಅಧ್ಯಾಯವನ್ನು ತೆರೆದು 25ರಿಂದ 27ರವರೆಗಿನ ವಚನಗಳನ್ನು ಓದಿದೆವು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವರು ಸ್ವಲ್ಪ ಹೊತ್ತು ಕಾದರು.